ಕೂಗು ಏರಿಸಿದವನ ಕಥೆ: ಬ್ರೂಸ್ ವಾಸರ್‌ಸ್ಟೀನ್ ಮತ್ತು 1988ರ ಫೆಡರೇಟೆಡ್ ಡೀಲ್

1988ರ ಫೆಬ್ರವರಿ 2, ಮಂಗಳವಾರ. ನ್ಯೂಯಾರ್ಕಿನ ಫಸ್ಟ್ ಬಾಸ್ಟನ್ ಎಂಬ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ, ಕಂಪನಿಗಳನ್ನು ಕೊಳ್ಳುವ-ಮಾರುವ ವಿಭಾಗದ ಇಬ್ಬರು ಮುಖ್ಯಸ್ಥರು ಒಟ್ಟಿಗೇ ರಾಜೀನಾಮೆ ಕೊಟ್ಟು ಹೊರಬಿದ್ದರು. ಒಬ್ಬ ಜೋಸೆಫ್ ಪೆರೆಲಾ, ಇನ್ನೊಬ್ಬ ಬ್ರೂಸ್ ವಾಸರ್‌ಸ್ಟೀನ್. ಕೆಲಸ ಬಿಡೋದೇನೂ ದೊಡ್ಡ ಸುದ್ದಿಯಲ್ಲ. ಆದರೆ ಅದಕ್ಕೆ ಎಂಟು ದಿನ ಮುಂಚೆಯಷ್ಟೇ ಅವರ ಗಿರಾಕಿಯೊಬ್ಬ ಅಮೆರಿಕದ ದೊಡ್ಡ ಅಂಗಡಿ ಕಂಪನಿಯೊಂದರ ಮೇಲೆ ಕಣ್ಣು ಹಾಕಿ ಬೆಲೆ ಕೂಗಿದ್ದ. ಹರಾಜು ಇನ್ನೂ ನಡೆಯುತ್ತಿತ್ತು. ಮದುವೆ ಅರ್ಧದಲ್ಲಿರುವಾಗ ಪುರೋಹಿತರು ಎದ್ದು ಹೋಗಿ, ಪಕ್ಕದ ಬೀದಿಯಲ್ಲಿ ಬೇರೆ ಮಂಟಪ ಹಾಕಿದ ಹಾಗಾಯಿತು.

ಗಿರಾಕಿ ಏನು ಮಾಡಿದ? ಫಸ್ಟ್ ಬಾಸ್ಟನ್ನನ್ನು ಸಾಲ ಹೊಂದಿಸೋಕೆ ಇಟ್ಟುಕೊಂಡ. ಬುದ್ಧಿ ಹೇಳಿಸಿಕೊಳ್ಳೋಕೆ ವಾಸರ್‌ಸ್ಟೀನ್ ಹಿಂದೆ ಹೋದ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. ದುಡ್ಡು ಒಂದು ಕಡೆ ಉಳಿಯಿತು, ಬುದ್ಧಿ ಇನ್ನೊಂದು ಕಡೆ ಹೋಯಿತು. ಮುಂದೆ ಏಟು ಬಿದ್ದಾಗ ಯಾರ ಮೇಲೆ ಬಿತ್ತು, ಯಾರು ಪಾರಾದರು ಅನ್ನೋದಕ್ಕೆಲ್ಲ ಬೇರು ಇಲ್ಲೇ ಇದೆ.

ಆ ಗಿರಾಕಿಯ ಹೆಸರು ರಾಬರ್ಟ್ ಕ್ಯಾಂಪೋ. ಅವನು ಕೊಳ್ಳಲು ಹೊರಟಿದ್ದು ಫೆಡರೇಟೆಡ್ ಡಿಪಾರ್ಟ್‌ಮೆಂಟ್ ಸ್ಟೋರ್ಸ್. ಬ್ಲೂಮಿಂಗ್‌ಡೇಲ್ಸ್, ಲಾಜರಸ್, ರಿಚ್ಸ್, ಬರ್ಡೈನ್ಸ್, ಫೈಲೀನ್ಸ್, ಬುಲಕ್ಸ್ ಮೊದಲಾದ ಮಳಿಗೆಗಳ ಒಡೆಯ ಕಂಪನಿ ಅದು.

ವಕೀಲ ಬ್ಯಾಂಕರ್ ಆದದ್ದು

ವಾಸರ್‌ಸ್ಟೀನ್ ಹುಟ್ಟಿದ್ದು 1947ರ ಕ್ರಿಸ್‌ಮಸ್ ದಿನ, ಬ್ರೂಕ್ಲಿನ್ನಿನ ಯಹೂದಿ ಮನೆಯಲ್ಲಿ. ಅಪ್ಪನದು ರಿಬ್ಬನ್ ವ್ಯಾಪಾರ. ತಂಗಿ ವೆಂಡಿ ಮುಂದೆ ಪುಲಿಟ್ಜರ್ ಪಡೆದ ನಾಟಕಕಾರ್ತಿ. ಹುಡುಗ ಚುರುಕು. ಹತ್ತೊಂಬತ್ತಕ್ಕೆ ಮಿಷಿಗನ್ ವಿಶ್ವವಿದ್ಯಾಲಯದ ಡಿಗ್ರಿ ಮುಗಿಸಿದ, ಅಲ್ಲಿನ ವಿದ್ಯಾರ್ಥಿ ಪತ್ರಿಕೆಯಲ್ಲೂ ಮೆರೆದ. ಹಾರ್ವರ್ಡಿನಲ್ಲಿ ಕಾನೂನು ಮತ್ತು ಎಂಬಿಎ ಎರಡನ್ನೂ ಒಟ್ಟಿಗೇ ಓದಿ 1971ರಲ್ಲಿ ಹೊರಬಂದ. ಗ್ರಾಹಕರ ಪರ ಹೋರಾಡುತ್ತಿದ್ದ ರಾಲ್ಫ್ ನೇಡರ್ ಬಳಿಯೂ ಸ್ವಲ್ಪ ಕಾಲ ಕೆಲಸ ಮಾಡಿದ್ದ. ದೊಡ್ಡ ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಕಲಿತವನು, ಆ ಕಾನೂನಿನ ಸಂದಿಗಳಲ್ಲಿ ದೊಡ್ಡ ಕಂಪನಿಗಳನ್ನು ನಡೆಸಿಕೊಂಡು ಹೋಗುವ ಕೆಲಸಕ್ಕೆ ಬಂದ. ಕ್ರವಾತ್ ಎಂಬ ಹೆಸರಾಂತ ವಕೀಲರ ಸಂಸ್ಥೆಯಲ್ಲಿದ್ದಾಗ ಪೆರೆಲಾ ಕಣ್ಣಿಗೆ ಬಿದ್ದ. 1977ರಲ್ಲಿ ಫಸ್ಟ್ ಬಾಸ್ಟನ್ ಸೇರಿದ.

ಆತನ ತಲೆ ಹೇಗೆ ಓಡುತ್ತಿತ್ತು ಅನ್ನೋದಕ್ಕೆ 1981ರ ಕೊನೊಕೊ ಡೀಲ್ ಒಂದು ಸಾಕು. ಕೊನೊಕೊ ಎಣ್ಣೆ ಕಂಪನಿ. ಅದಕ್ಕಾಗಿ ಸೀಗ್ರಾಮ್, ಮೊಬಿಲ್, ಡುಪಾಂಟ್ ಮೂವರೂ ಕಿತ್ತಾಡುತ್ತಿದ್ದರು. ಮೊಬಿಲ್ ಶೇರಿಗೆ 120 ಡಾಲರ್‌ವರೆಗೂ ಹೋಯಿತು. ಗೆದ್ದದ್ದು 98 ಡಾಲರ್ ನಗದು ಕೊಟ್ಟ ಡುಪಾಂಟ್! ಅದರ ಸಲಹೆಗಾರ ಫಸ್ಟ್ ಬಾಸ್ಟನ್.

ಹೇಗೆ ಅಂತೀರಾ? ಡುಪಾಂಟ್ ನಗದು ಇಟ್ಟಿದ್ದು ಶೇ. 40ರಷ್ಟು ಶೇರುಗಳಿಗೆ ಮಾತ್ರ. ಉಳಿದವರಿಗೆ ಡುಪಾಂಟ್ ಶೇರು. ಅದರ ಬೆಲೆ 98 ಡಾಲರಿನಷ್ಟು ಬರುತ್ತಿರಲಿಲ್ಲ. ಈಗ ನೀವು ಕೊನೊಕೊ ಶೇರುದಾರ ಅಂದುಕೊಳ್ಳಿ. ಕಾದು ನೋಡೋಣ ಅಂದರೆ ನಗದಿನ ಪಾಲು ಬೇರೆಯವರ ಕೈ ಸೇರುತ್ತದೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಅದೇ ಲೆಕ್ಕ. ಬಸ್ಸು ಒಳ್ಳೇದಾ ಕೆಟ್ಟದ್ದಾ ಅಂತ ಯಾರೂ ಕೇಳೋಲ್ಲ. ಮೊಬಿಲ್ ಬಸ್ಸು ಇನ್ನೂ ಚೆನ್ನಾಗಿತ್ತು, ಆದರೆ ಎರಡು ಎಣ್ಣೆ ಕಂಪನಿ ಒಂದಾಗೋದನ್ನು ಸರ್ಕಾರ ತಡೆಯಬಹುದು, ಆ ಬಸ್ಸು ಹೊರಡುತ್ತೋ ಇಲ್ಲವೋ ಅನ್ನೋ ಭಯ ಜನರಿಗಿತ್ತು. ಆಗಿನ ಕಾಲಕ್ಕೆ ಅಮೆರಿಕ ಕಂಡ ಅತಿ ದೊಡ್ಡ ಡೀಲ್ ಅದು, 700 ಕೋಟಿ ಡಾಲರಿಗೂ ಜಾಸ್ತಿ.

(ನಮ್ಮಲ್ಲಿ ಈ ಆಟ ನಡೆಯೋದಿಲ್ಲ. ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2011ರ ನಿಯಮದ ಪ್ರಕಾರ ಕಂಪನಿಯ ಶೇ. 25 ಶೇರು ದಾಟಿದರೆ ಇನ್ನೂ ಶೇ. 26 ಶೇರು ಕೊಳ್ಳೋಕೆ ಉಳಿದ ಶೇರುದಾರರಿಗೆಲ್ಲ ಓಪನ್ ಆಫರ್ ಕೊಡಬೇಕು, ದೊಡ್ಡವರಿಗೆ ಕೊಟ್ಟದ್ದಕ್ಕಿಂತ ಕಮ್ಮಿ ಬೆಲೆ ಕೊಡುವ ಹಾಗಿಲ್ಲ. 2019ರಲ್ಲಿ ಎಲ್ ಆ್ಯಂಡ್ ಟಿ ಬೆಂಗಳೂರಿನ ಮೈಂಡ್‌ಟ್ರೀ ಮೇಲೆ ಬಂದಾಗ ದೊಡ್ಡ ಶೇರುದಾರ ವಿ. ಜಿ. ಸಿದ್ಧಾರ್ಥ ಅವರಿಗೂ 980 ರೂಪಾಯಿ, ಓಪನ್ ಆಫರ್‌ನಲ್ಲಿ ಕೊಟ್ಟವರಿಗೂ 980 ರೂಪಾಯಿ.)

ಹೀಗೆ ಗೆದ್ದಾಗೆಲ್ಲ ಗಿರಾಕಿಗೆ ಒಳ್ಳೇದಾಯಿತು ಅಂತಲ್ಲ. 1984ರಲ್ಲಿ ಟೆಕ್ಸಾಕೊ ಕಂಪನಿ ಗೆಟ್ಟಿ ಆಯಿಲ್ ಕೊಂಡಾಗಲೂ ಸಲಹೆ ಫಸ್ಟ್ ಬಾಸ್ಟನ್‌ನದೇ, ಮುಂದೆ ನಿಂತವನು ವಾಸರ್‌ಸ್ಟೀನ್. ಅಷ್ಟರಲ್ಲಾಗಲೇ ಪೆನ್ಸಾಯಿಲ್ ಎಂಬ ಇನ್ನೊಂದು ಎಣ್ಣೆ ಕಂಪನಿ ಜೊತೆ ಗೆಟ್ಟಿಯ ಮಾತುಕತೆ ಆಗಿತ್ತು. ಪೆನ್ಸಾಯಿಲ್ ಕೋರ್ಟಿಗೆ ಹೋಯಿತು. ಸಾವಿರ ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಕೊಡಿ ಅಂತ ಜ್ಯೂರಿ ಹೇಳಿತು. 1987ರ ಏಪ್ರಿಲ್‌ನಲ್ಲಿ ಟೆಕ್ಸಾಕೊ ದಿವಾಳಿ ಅರ್ಜಿ ಹಾಕಬೇಕಾಯಿತು.

ಕ್ಯಾಂಪೋ ಬಂದದ್ದು ಎಲ್ಲಿಂದ

ಕ್ಯಾಂಪೋ ಕೆನಡಾದ ಸಡ್ಬರಿಯವನು. ಫ್ರೆಂಚ್ ಮಾತಾಡುವ ಬಡ ಕುಟುಂಬ. ಹೆಚ್ಚು ಓದಲಿಲ್ಲ. 1949ರಲ್ಲಿ ಒಟ್ಟಾವಾದಲ್ಲಿ ಒಂದು ಮನೆ ಕಟ್ಟಿ ಮಾರಿದ, ಲಾಭ ಬಂತು, ಮತ್ತೊಂದು ಕಟ್ಟಿದ. ಹಾಗೇ ಕೆನಡಾದ ದೊಡ್ಡ ಬಿಲ್ಡರ್‌ಗಳಲ್ಲಿ ಒಬ್ಬನಾದ. 1980ರಲ್ಲಿ ರಾಯಲ್ ಟ್ರಸ್ಟ್‌ಕೊ ಎಂಬ ಹಣಕಾಸು ಕಂಪನಿ ಕೊಳ್ಳಲು ಹೋದಾಗ ಟೊರಾಂಟೊದ ಹಳೇ ಹಣವಂತರೆಲ್ಲ ಒಂದಾಗಿ ಅಡ್ಡ ನಿಂತರು. ಆ ಗಾಯ ಅವನಿಗೆ ಮಾಯಲಿಲ್ಲ ಅಂತ ಕಾಣುತ್ತದೆ.

1986ರಲ್ಲಿ ನ್ಯೂಯಾರ್ಕಿಗೆ ಬಂದು, ತನ್ನ ಕಂಪನಿಗಿಂತ ಎಷ್ಟೋ ದೊಡ್ಡದಾದ ಅಲೈಡ್ ಸ್ಟೋರ್ಸ್ ಎಂಬ ಅಂಗಡಿ ಕಂಪನಿ ಕೊಳ್ಳುತ್ತೇನೆ ಅಂದ. ಜನ ನಕ್ಕರು. ವಾಸರ್‌ಸ್ಟೀನ್ ನಗಲಿಲ್ಲ. ಅಲೈಡ್‌ನ ರಕ್ಷಣೆಗೆ ಅಂತ ಒಹಾಯೊದ ಮಾಲ್ ದೊರೆ ಎಡ್ವರ್ಡ್ ಡಿಬಾರ್ಟೊಲೊ ಬಂದು 67 ಡಾಲರ್ ಕೂಗಿದ. ಆಗ ನಡೆದದ್ದು ಅಕ್ಟೋಬರ್ 24ರ ಶುಕ್ರವಾರದ ಕರಾಮತ್ತು. ಕ್ಯಾಂಪೋ ತನ್ನ ಅಧಿಕೃತ ಟೆಂಡರ್ ಆಫರನ್ನು, ಅಂದರೆ ಇಂಥ ಬೆಲೆಗೆ ಶೇರು ಕೊಡಿ ಅಂತ ಶೇರುದಾರರಿಗೆ ಕೊಟ್ಟ ಬಹಿರಂಗ ಕರೆಯನ್ನು, ವಾಪಸ್ ತೆಗೆದುಕೊಂಡ. ಸರಿ, ಸೋತ ಅಂದುಕೊಂಡರು. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಬ್ರೋಕರ್ ಹತ್ತಿರ ಗುಡ್ಡೆಯಾಗಿದ್ದ ಎರಡೂವರೆ ಕೋಟಿಗೂ ಹೆಚ್ಚು ಶೇರುಗಳನ್ನು ಒಂದೇ ಏಟಿಗೆ ಎತ್ತಿಕೊಂಡ. ಕಂಪನಿಯ ಸುಮಾರು ಶೇ. 48 ಕೈಗೆ ಬಂತು. ಟೆಂಡರ್ ಆಫರ್ ಅಂದರೆ ಇಷ್ಟು ದಿನ ತೆರೆದಿಡಬೇಕು, ಎಲ್ಲರಿಗೂ ಒಂದೇ ಬೆಲೆ ಕೊಡಬೇಕು ಅನ್ನೋ ನಿಯಮಗಳಿವೆ. ಮಾರುಕಟ್ಟೆಯಲ್ಲಿ ಸುಮ್ನೆ ಕೊಂಡರೆ ಅವು ಯಾವುವೂ ತಾಗೋಲ್ಲ. ಆಟದ ನಿಯಮ ಕಟ್ಟುನಿಟ್ಟಾದರೆ ಅಂಗಳವನ್ನೇ ಬದಲಾಯಿಸು ಅನ್ನೋ ಈ ಬುದ್ಧಿ ವಕೀಲನದು. ದುಡ್ಡು ಫಸ್ಟ್ ಬಾಸ್ಟನ್‌ನದು. ಶಾಶ್ವತ ಸಾಲ ಸಿಗುವವರೆಗೆ ನಡುವೆ ಸೇತುವೆಯಂತೆ ಕೊಡುವ ಬ್ರಿಡ್ಜ್ ಲೋನನ್ನು ಬ್ಯಾಂಕು ತನ್ನದೇ ಬಂಡವಾಳ ಒಡ್ಡಿ ಕೊಟ್ಟಿತು. ಒಟ್ಟು 360 ಕೋಟಿ ಡಾಲರಿನ ಡೀಲ್.

ಬಿಲ್ಡರ್ ಅಂಗಡಿ ಸಾಹುಕಾರನಾದ. ಅಲ್ಲಿಗೆ ನಿಂತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

47ರಿಂದ 73.50ಕ್ಕೆ

1987ರ ಅಕ್ಟೋಬರ್‌ನಲ್ಲಿ ಅಮೆರಿಕದ ಶೇರು ಮಾರುಕಟ್ಟೆ ಕುಸಿಯಿತು. ಫೆಡರೇಟೆಡ್ ಶೇರು ಆ ವರ್ಷದ ಕೊನೆಗೆ 30 ಡಾಲರ್ ಚಿಲ್ಲರೆಯಲ್ಲಿತ್ತು. 1988ರ ಜನವರಿ 25ಕ್ಕೆ ಕ್ಯಾಂಪೋ 47 ಡಾಲರ್ ಕೂಗಿದ. ಬೋರ್ಡು ಒಪ್ಪಲಿಲ್ಲ. ಏರಿಸಿದ. ಮತ್ತೆ ಏರಿಸಿದ. ಫೆಬ್ರವರಿ ಕೊನೆಗೆ 68ಕ್ಕೆ ಬಂದು ನಿಂತ. ಇನ್ನೇನು ಮುಗಿಯಿತು ಅನ್ನುವಾಗ ಮೇಸೀಸ್ ಎಂಬ ಇನ್ನೊಂದು ದೊಡ್ಡ ಅಂಗಡಿ ಕಂಪನಿ ಒಳಗೆ ನುಗ್ಗಿತು.

ಮೇಸೀಸ್‌ನ ಮುಖ್ಯಸ್ಥ ಎಡ್ವರ್ಡ್ ಫಿಂಕೆಲ್‌ಸ್ಟೀನ್ ಹುಟ್ಟಾ ಅಂಗಡಿಯವನು. ಬ್ಲೂಮಿಂಗ್‌ಡೇಲ್ಸ್ ಒಬ್ಬ ಬಿಲ್ಡರ್ ಪಾಲಾಗೋದನ್ನು ನೋಡಿ ಸುಮ್ಮನಿರಲು ಅವನಿಂದ ಆಗಲಿಲ್ಲ. ಮಾರ್ಚ್ ಪೂರ್ತಿ ಎರಡೂ ಕಡೆಯಿಂದ ಕೂಗು. ಏಪ್ರಿಲ್ 1ರಂದು ರಾಜಿ ಆಯಿತು. ಕ್ಯಾಂಪೋಗೆ ಶೇರಿಗೆ 73.50 ಡಾಲರಿನಂತೆ ಫೆಡರೇಟೆಡ್. ಅದರೊಳಗಿಂದ ಬುಲಕ್ಸ್ ಮತ್ತು ಐ. ಮ್ಯಾಗ್ನಿನ್ ಅಂಗಡಿಗಳನ್ನು ಸುಮಾರು 110 ಕೋಟಿ ಡಾಲರಿಗೆ ಮೇಸೀಸ್‌ಗೆ ಬಿಟ್ಟುಕೊಟ್ಟ. ಫೈಲೀನ್ಸ್ ಮತ್ತು ಫೋಲೀಸ್ 150 ಕೋಟಿಗೆ ‘ಮೇ’ ಎಂಬ ಮತ್ತೊಂದು ಅಂಗಡಿ ಕಂಪನಿಗೆ ಹೋದವು. ಫೆಡರೇಟೆಡ್‌ಗೆ ಒಟ್ಟು ಬೆಲೆ ಸುಮಾರು 660 ಕೋಟಿ ಡಾಲರ್.

ಇಲ್ಲಿ ಸ್ವಲ್ಪ ಕೂತು ಲೆಕ್ಕ ಹಾಕೋಣ. 660 ಕೋಟಿಯನ್ನು 73.50ರಿಂದ ಭಾಗಿಸಿದರೆ ಹತ್ತಿರ ಹತ್ತಿರ 9 ಕೋಟಿ ಶೇರು. ಅಂದರೆ ಕೂಗು ಒಂದು ಡಾಲರ್ ಏರಿದರೆ 9 ಕೋಟಿ ಡಾಲರ್ ಜಾಸ್ತಿ ಹೊಂದಿಸಬೇಕು. 68ರಿಂದ 73.50ಕ್ಕೆ ಹೋದ ಆ ಒಂದು ತಿಂಗಳ ಜಿದ್ದಿನ ಬೆಲೆಯೇ 50 ಕೋಟಿ ಡಾಲರ್. 68 ಕೂಡ ಕಮ್ಮಿಯೇನಲ್ಲ, ಮೂರು ತಿಂಗಳ ಹಿಂದಿನ ಪೇಟೆ ಬೆಲೆಯ ಎರಡರಷ್ಟು.

ಈ ದುಡ್ಡು ಎಲ್ಲಿಂದ ಬಂತು? ಇದು ಇನ್ನೂ ಸೊಗಸಾಗಿದೆ. ಇಂಥ ಖರೀದಿಯಲ್ಲಿ ಬಹುಪಾಲು ಸಾಲ, ಒಂದಿಷ್ಟು ಸ್ವಂತ ಬಂಡವಾಳ ಇರಬೇಕು. ಕ್ಯಾಂಪೋನ ‘ಸ್ವಂತ’ ಪಾಲು ಸುಮಾರು 140 ಕೋಟಿ ಡಾಲರ್. ಅದರಲ್ಲಿ 48 ಕೋಟಿ ಡಿಬಾರ್ಟೊಲೊನಿಂದ ತಂದ ಸಾಲ. ಹೌದು, ಅಲೈಡ್‌ನಲ್ಲಿ ಎದುರು ಕೂಗಿದ್ದನಲ್ಲ, ಅವನೇ. 50 ಕೋಟಿ ಬ್ಯಾಂಕ್ ಆಫ್ ಮಾಂಟ್ರಿಯಲ್ ಮತ್ತು ಪರೀಬಾ ಬ್ಯಾಂಕುಗಳ ಸಾಲ. ಇನ್ನೊಂದು 26 ಕೋಟಿ ಟೊರಾಂಟೊದ ರೈಕ್‌ಮನ್ ಸೋದರರ ಒಲಿಂಪಿಯಾ ಆ್ಯಂಡ್ ಯಾರ್ಕ್ ಕೊಟ್ಟದ್ದು. ಅಲೈಡ್‌ನ ಒಡವೆಯಂತಿದ್ದ ಬ್ರೂಕ್ಸ್ ಬ್ರದರ್ಸನ್ನು ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್‌ಗೆ 75 ಕೋಟಿಗೆ ಮಾರಿದ, ಅದರಲ್ಲಿ ಮಿಕ್ಕಿದ್ದನ್ನೂ ಸೇರಿಸಿದ. ಸೈಟು ಕೊಳ್ಳೋಕೆ ಬ್ಯಾಂಕ್ ಸಾಲ, ಡೌನ್ ಪೇಮೆಂಟಿಗೆ ಭಾವನ ಹತ್ತಿರ ಕೈಸಾಲ, ರಿಜಿಸ್ಟ್ರೇಷನ್ನಿಗೆ ಹೆಂಡತಿಯ ಬಳೆ. ನಮಗೆ ಗೊತ್ತಿಲ್ಲದ ಕಥೆಯೇನಲ್ಲ, ಅಲ್ವಾ?

ದಲ್ಲಾಳಿಯ ಲೆಕ್ಕ

1989ರಲ್ಲಿ ಫೋರ್ಬ್ಸ್ ಪತ್ರಿಕೆ ವಾಸರ್‌ಸ್ಟೀನ್‌ಗೆ ‘ಬಿಡ್ ದೆಮ್ ಅಪ್ ಬ್ರೂಸ್’ ಅನ್ನೋ ಅಡ್ಡಹೆಸರು ಅಂಟಿಸಿತು. ಕೂಗು ಏರಿಸುವ ಬ್ರೂಸ್. ಆತನಿಗೆ ಆ ಹೆಸರು ಕಂಡರೆ ಆಗುತ್ತಿರಲಿಲ್ಲ. ಹಿಂದೆ ಸರಿಯೋಣ ಅನ್ನುವ ಗಿರಾಕಿಗೆ ಆತ ‘ದೊಡ್ಡವನಾಗುವ ಧೈರ್ಯ ಮಾಡು’ ಎಂಬರ್ಥದ ಭಾಷಣ ಕೊಡುತ್ತಾನೆ ಅಂತ ವಾಲ್ ಸ್ಟ್ರೀಟಿನಲ್ಲಿ ಮಾತಿತ್ತು.

ಫೀಸು ಜಾಸ್ತಿ ಸಿಗಲಿ ಅಂತ ಬೆಲೆ ಏರಿಸಿದ ಅನ್ನೋ ಸುಲಭದ ಟೀಕೆಯನ್ನು ನಾನು ಒಪ್ಪೋದಿಲ್ಲ. ಈ ಡೀಲ್‌ನಲ್ಲಿ ಅವನ ಹೊಸ ಸಂಸ್ಥೆಗೆ ಸಿಕ್ಕಿದ್ದು ಸುಮಾರು 1 ಕೋಟಿ ಡಾಲರ್. 660 ರೂಪಾಯಿ ವ್ಯಾಪಾರದಲ್ಲಿ ಒಂದು ರೂಪಾಯಿ. ಕೂಗು ಐದು ಡಾಲರ್ ಏರಿದರೆ ಅವನ ಜೇಬಿಗೆ ಬೀಳುತ್ತಿದ್ದುದು ಪುಡಿಗಾಸು. ಶಿವಮೊಗ್ಗದ ಅಡಿಕೆ ಮಂಡಿ ನೋಡಿದವರಿಗೆ ಕಮಿಷನ್ ಲೆಕ್ಕ ಗೊತ್ತಿರುತ್ತದೆ. ಅಲ್ಲಿ ಮಂಡಿಯವನು ಬೆಳೆಗಾರನ ಪರ ಮಾರುತ್ತಾನೆ, ರೇಟು ಏರಿದರೆ ಇಬ್ಬರಿಗೂ ಖುಷಿ. ಇಲ್ಲಿ ದಲ್ಲಾಳಿ ಇರೋದು ಕೊಳ್ಳುವವನ ಪರ. ಅವನಿಗೆ ರೇಟು ಎಷ್ಟಾದರೂ ಒಂದೇ. ಮಾಲು ಕೈತಪ್ಪಬಾರದು, ಅಷ್ಟೇ. ಇಂಥ ಕೆಲಸದಲ್ಲಿ ಫೀಸಿನ ಬಹುಪಾಲು ಸಿಗೋದು ಡೀಲ್ ಮುಗಿದರೆ ಮಾತ್ರ. ‘ಬೇಡ, ಬಿಟ್ಟುಬಿಡಿ’ ಅನ್ನೋ ಸಲಹೆಗೆ ಹೆಚ್ಚೇನೂ ಹುಟ್ಟೋಲ್ಲ.

ಇನ್ನೊಂದು ಇದೆ. ಫೆಬ್ರವರಿಯಲ್ಲಿ ಬಾಗಿಲು ತೆರೆದ ‘ವಾಸರ್‌ಸ್ಟೀನ್ ಪೆರೆಲಾ’ ಎಂಬ ಆ ಹೊಸ ಸಂಸ್ಥೆಗೆ ಇದು ಮೊದಲ ದೊಡ್ಡ ಕೆಲಸ. ಹೊಸ ಹೋಟೆಲ್ ಮೊದಲ ವಾರ ಪಾತ್ರೆ ಖಾಲಿ ಇಟ್ಟುಕೊಂಡು ಕೂರೋಕಾಗುತ್ತದಾ? ಏಪ್ರಿಲ್‌ನಲ್ಲಿ ಡೀಲ್ ಮುಗಿಯಿತು. ಆ ಬೇಸಿಗೆಯಲ್ಲೇ ಜಪಾನಿನ ನೊಮುರಾ ಎಂಬ ಹಣಕಾಸು ಕಂಪನಿ ಬಂದು, ಹುಟ್ಟಿ ಆರು ತಿಂಗಳಾದ ಈ ಸಂಸ್ಥೆಯ ಶೇ. 20 ಪಾಲಿಗೆ 10 ಕೋಟಿ ಡಾಲರ್ ಕೊಟ್ಟಿತು. ಒಟ್ಟು ಬೆಲೆ 50 ಕೋಟಿ ಡಾಲರ್ ಅಂತಾಯಿತು. 1 ಕೋಟಿಯ ಫೀಸು ಎಲ್ಲಿ, ಇದೆಲ್ಲಿ. ಅದೇ ವರ್ಷದ ಕೊನೆಗೆ ಕೆಕೆಆರ್ ಸಂಸ್ಥೆ ಆರ್‌ಜೆಆರ್ ನಬಿಸ್ಕೊವನ್ನು 2,500 ಕೋಟಿ ಡಾಲರಿಗೆ ಕೊಂಡಾಗಲೂ ಸಲಹೆಗಾರರ ಸಾಲಿನಲ್ಲಿ ವಾಸರ್‌ಸ್ಟೀನ್ ಇದ್ದ.

ಹಾಗಂತ ಕ್ಯಾಂಪೋ ಎಳೆ ಮಗುವಲ್ಲ. ಬೆಲೆ ಏರಿಸು ಅಂತ ಯಾರೂ ಅವನ ಕೈ ತಿರುಚಿರಲಿಲ್ಲ. ಗೆಲ್ಲಲೇಬೇಕು ಅನ್ನೋ ಹುಚ್ಚು ಅವನದೇ. ಸಾಲ ಕೊಟ್ಟ ಬ್ಯಾಂಕುಗಳೂ ಕಣ್ಣು ಬಿಟ್ಟುಕೊಂಡೇ ಕೊಟ್ಟವು. ನನ್ನ ತಕರಾರು ಇಷ್ಟೇ: ಒಬ್ಬ ಹುಚ್ಚಿಗೆ ಬಿದ್ದಾಗ ತಡೆಯೋಕೆ ಅಂತಲೇ ಸಲಹೆಗಾರನಿಗೆ ದುಡ್ಡು ಕೊಡೋದು. ಆ ಕೋಣೆಯಲ್ಲಿದ್ದ ಯಾರಿಗೂ ತಡೆಯೋದರಿಂದ ಲಾಭ ಇರಲಿಲ್ಲ.

ಸಾಲದ ಕಂತು ಬಂದಾಗ

ಮೊದಲ ಬಿರುಕು ಕಂಡಿದ್ದು 1988ರ ನವೆಂಬರ್‌ನಲ್ಲಿ. ಬ್ರಿಡ್ಜ್ ಲೋನ್ ತೀರಿಸಲು ಫೆಡರೇಟೆಡ್ ಹೆಸರಲ್ಲಿ 115 ಕೋಟಿ ಡಾಲರಿನ ಜಂಕ್ ಬಾಂಡ್ (ಅಪಾಯ ಜಾಸ್ತಿ, ಬಡ್ಡಿಯೂ ಜಾಸ್ತಿ ಇರುವ ಸಾಲಪತ್ರ) ಮಾರಲು ಫಸ್ಟ್ ಬಾಸ್ಟನ್ ಹೊರಟಿತು. ಕೊಳ್ಳುವವರು ಮುಖ ತಿರುಗಿಸಿದರು. ಕೊನೆಗೆ 75 ಕೋಟಿಗೆ ಇಳಿಸಿ, ಬಡ್ಡಿಯನ್ನು ಶೇ. 16ರಿಂದ 17.75ರವರೆಗೆ ಏರಿಸಿ ಮಾರಬೇಕಾಯಿತು. ಆ ಒಂದು ತುಂಡು ಸಾಲಕ್ಕೇ ವರ್ಷಕ್ಕೆ 12 ಕೋಟಿ ಡಾಲರಿಗೂ ಹೆಚ್ಚು ಬಡ್ಡಿ. ಸೀರೆ ಅಂಗಡಿಯಾಗಲಿ ಬ್ಲೂಮಿಂಗ್‌ಡೇಲ್ಸ್ ಆಗಲಿ, ಬಟ್ಟೆ ಮಾರಿ ಇಂಥ ಬಡ್ಡಿ ಕಟ್ಟೋದು ಆಗದ ಮಾತು.

1989ರ ಸೆಪ್ಟೆಂಬರ್‌ಗೆ ಕೈಯಲ್ಲಿ ನಗದೇ ಇಲ್ಲ. ರೈಕ್‌ಮನ್ನರು ಮತ್ತೆ 25 ಕೋಟಿ ಕೊಟ್ಟು ಉಸಿರು ಉಳಿಸಿದರು. ಕಿರೀಟದಂತಿದ್ದ ಬ್ಲೂಮಿಂಗ್‌ಡೇಲ್ಸನ್ನೇ ಮಾರಾಟಕ್ಕೆ ಇಟ್ಟರು.

ಅಂಗಡಿ ಕಂಪನಿ ಸಾಯುವ ರೀತಿ ಬೇರೆ. ಅಮೆರಿಕದ ಬಟ್ಟೆ ವ್ಯಾಪಾರದಲ್ಲಿ ಫ್ಯಾಕ್ಟರ್ ಅಂತ ನಡುವಿನವರು ಇರುತ್ತಾರೆ. ಸಣ್ಣ ಬಟ್ಟೆ ತಯಾರಕ ದೊಡ್ಡ ಅಂಗಡಿಗೆ ಉದ್ದರಿ ಮಾಲು ಕಳಿಸುತ್ತಾನೆ. ಅಂಗಡಿಯವನು ದುಡ್ಡು ಕೊಡದಿದ್ದರೆ ನಾನಿದ್ದೇನೆ ಅಂತ ಫ್ಯಾಕ್ಟರ್ ಭರವಸೆ ಕೊಡುತ್ತಾನೆ. ಫ್ಯಾಕ್ಟರ್ ‘ಆ ಅಂಗಡಿಗೆ ಇನ್ನು ಮುಂದೆ ನನ್ನ ಭರವಸೆ ಇಲ್ಲ’ ಅಂದರೆ ತಯಾರಕ ಟ್ರಕ್ಕಿಗೆ ಮಾಲು ಹೇರೋದಿಲ್ಲ. ಮಾಲಿಲ್ಲದ ಅಂಗಡಿಗೆ ಗಿರಾಕಿ ಬರೋಲ್ಲ, ಗಿರಾಕಿ ಬರದ ಅಂಗಡಿಗೆ ಸಾಲ ಹುಟ್ಟೋಲ್ಲ. ಆ ಕ್ರಿಸ್‌ಮಸ್‌ಗೆ ಊರಿಗೆಲ್ಲ ಡಿಸ್ಕೌಂಟ್ ಸೇಲ್. ಜನ ಬಂದರು, ಲಾಭ ಬರಲಿಲ್ಲ.

1990ರ ಜನವರಿ 15. ಫೆಡರೇಟೆಡ್ ಮತ್ತು ಅಲೈಡ್ ಎರಡೂ ದಿವಾಳಿ ಅರ್ಜಿ ಹಾಕಿದವು. 250ಕ್ಕೂ ಹೆಚ್ಚು ಅಂಗಡಿ, ಸುಮಾರು ಒಂದು ಲಕ್ಷ ನೌಕರರು. ಅಲ್ಲಿಯವರೆಗೆ ಅಮೆರಿಕದ ಅಂಗಡಿ ವ್ಯಾಪಾರ ಕಂಡ ಅತಿ ದೊಡ್ಡ ದಿವಾಳಿ. ಕ್ಯಾಂಪೋನನ್ನು ಅವನದೇ ಕಂಪನಿಯಿಂದ ಹೊರಗೆ ಹಾಕಿದರು.

ಫಸ್ಟ್ ಬಾಸ್ಟನ್‌ಗೂ ಬ್ರಿಡ್ಜ್ ಲೋನ್‌ಗಳು ಕುತ್ತಿಗೆಗೆ ಬಂದವು. ಕ್ಯಾಂಪೋ ಒಬ್ಬನದೇ ಅಲ್ಲ, ಹಾಸಿಗೆ ಮಾಡುವ ಒಹಾಯೊ ಮ್ಯಾಟ್ರೆಸ್‌ಗೆ ಕೊಟ್ಟದ್ದು ಇನ್ನೂ ಕೆಟ್ಟದಾಗಿ ಸಿಕ್ಕಿಹಾಕಿಕೊಂಡಿತ್ತು. 1990ರ ಕೊನೆಗೆ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ದುಡ್ಡು ಹಾಕಿ ಬ್ಯಾಂಕನ್ನೇ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಸುಮಾರು ಮೂರು ವರ್ಷ ಮುಂಚೆ ಬಾಗಿಲು ದಾಟಿ ಹೋದವರ ಸಂಸ್ಥೆ ಈ ಡೀಲ್‌ಗೆ ಕೊಟ್ಟಿದ್ದು ಸಲಹೆ. ಸಲಹೆ ವಸೂಲಾಗದ ಸಾಲವಾಗಿ ಯಾರ ಖಾತೆಯಲ್ಲೂ ಉಳಿಯೋದಿಲ್ಲ.

ಒಂದು ತಿರುವನ್ನು ಹೇಳದೇ ಹೋದರೆ ಕ್ಯಾಂಪೋಗೆ ಅನ್ಯಾಯ. ಷಿಕಾಗೊ ವಿಶ್ವವಿದ್ಯಾಲಯದ ಸ್ಟೀವನ್ ಕಪ್ಲನ್ ಈ ಡೀಲ್‌ನ ಅಂಕಿಗಳನ್ನು ಜಾಲಾಡಿ ಬೇರೆಯೇ ಮಾತು ಹೇಳಿದರು. ಫೆಡರೇಟೆಡ್ ಕ್ಯಾಂಪೋ ಕೈಯಲ್ಲಿ ಹಾಳಾಗಲಿಲ್ಲ. ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರಿದ್ದರಿಂದ, ಖರ್ಚು ಕಡಿದಿದ್ದರಿಂದ ಅದರ ಬೆಲೆ ಮೊದಲಿಗಿಂತ ಹೆಚ್ಚೇ ಆಗಿತ್ತು. ಆದರೆ ಅವನು ಕೊಟ್ಟದ್ದು ಅದಕ್ಕಿಂತಲೂ ಜಾಸ್ತಿ. ಅಂದರೆ ಆ ಹೆಚ್ಚಳವೆಲ್ಲ, ಅದರ ಮೇಲೆ ಇನ್ನೊಂದಿಷ್ಟು, ಹಳೇ ಶೇರುದಾರರ ಜೇಬು ಸೇರಿತ್ತು. ಐಡಿಯಾ ಸರಿ, ಬೆಲೆ ತಪ್ಪು. ಬೆಲೆ ಸರಿಯಾಗಿ ಹೇಳೋದೇ ತಾನೆ ಬ್ಯಾಂಕರ್ ಕೆಲಸ?

ಆಮೇಲೆ

ವಾಸರ್‌ಸ್ಟೀನ್ ಹೆಸರಿಗೆ ಪೆಟ್ಟು ಬಿತ್ತು, ಕೆಲಸ ನಿಲ್ಲಲಿಲ್ಲ. 1993ರಲ್ಲಿ ಪೆರೆಲಾ ಬಿಟ್ಟು ಹೋದ. ಅಷ್ಟರಲ್ಲಿ ಸಂಸ್ಥೆ ಸಲಹೆಯ ಜೊತೆ ತಾನೇ ಕಂಪನಿ ಕೊಳ್ಳೋಕೂ ಇಳಿದಿತ್ತು. ಮೇಬಲೀನ್ ಎಂಬ ಸೌಂದರ್ಯವರ್ಧಕ ಕಂಪನಿ ಕೊಂಡು, 1996ರಲ್ಲಿ ಲೋರಿಯಾಲ್‌ಗೆ ಮಾರಿ ಚೆನ್ನಾಗಿ ದುಡ್ಡು ಮಾಡಿತು. 2001ರ ಹೊತ್ತಿಗೆ ವಾಸರ್‌ಸ್ಟೀನ್ ಪೆರೆಲಾವನ್ನು ಜರ್ಮನಿಯ ಡ್ರೆಸ್ನರ್ ಬ್ಯಾಂಕ್ ಕೊಂಡಿತು, ಬೆಲೆ 130 ಕೋಟಿ ಡಾಲರಿಗೂ ಮೇಲೆ. ಬೇರೆಯವರ ಕಂಪನಿ ಮಾರಿಸಿದಷ್ಟೇ ಚೆನ್ನಾಗಿ ತನ್ನದನ್ನೂ ಮಾರಿದ. 2002ರಲ್ಲಿ ಲಜಾರ್ಡ್ ಎಂಬ ಹಳೇ ಬ್ಯಾಂಕಿನ ಮುಖ್ಯಸ್ಥನಾದ. ಒಂದೂವರೆ ಶತಮಾನ ಪಾಲುದಾರರ ಮನೆಯಂತೆ ನಡೆದಿದ್ದ ಅದನ್ನು, ಹಳೇ ಮನೆತನದ ಜೊತೆ ಗುದ್ದಾಡಿ, 2005ರ ಮೇ ತಿಂಗಳಲ್ಲಿ ಶೇರು ಮಾರುಕಟ್ಟೆಗೆ ತಂದ. 2009ರ ಅಕ್ಟೋಬರ್ 14ರಂದು ತೀರಿಕೊಂಡಾಗ ವಯಸ್ಸು 61. ಆಗ ಕ್ರಾಫ್ಟ್ ಕಂಪನಿ ಬ್ರಿಟನ್ನಿನ ಕ್ಯಾಡ್ಬರಿಯನ್ನು ಕೊಳ್ಳಲು ಕೂಗು ಹಾಕಿತ್ತು, ಸಲಹೆಗಾರರಲ್ಲಿ ಲಜಾರ್ಡ್ ಇತ್ತು. ಮೊದಲು ಬೇಡ ಅಂದ ಕ್ಯಾಡ್ಬರಿ ಬೋರ್ಡು, ಕ್ರಾಫ್ಟ್ ಬೆಲೆ ಏರಿಸಿದ ಮೇಲೆ 2010ರ ಜನವರಿಯಲ್ಲಿ ಒಪ್ಪಿಕೊಂಡಿತು.

ಅಂಗಡಿಗಳ ಕಥೆ ಇನ್ನೂ ವಿಚಿತ್ರ. 1988ರಲ್ಲಿ ಸೋತು ಬುಲಕ್ಸ್, ಮ್ಯಾಗ್ನಿನ್ ತೆಗೆದುಕೊಂಡು ಹೋದ ಮೇಸೀಸ್ ಕೂಡ ಸಾಲದಲ್ಲಿ ಮುಳುಗಿ 1992ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅಲೆನ್ ಕ್ವೆಸ್ಟ್ರಮ್ ಎಂಬ ಅನುಭವಿಯ ಕೈಯಲ್ಲಿ ಫೆಡರೇಟೆಡ್ ಅದಾಗಿ ಕೆಲವೇ ದಿನಕ್ಕೆ ದಿವಾಳಿಯಿಂದ ಎದ್ದು ಬಂತು. 1994ರ ಡಿಸೆಂಬರ್‌ನಲ್ಲಿ ಅದೇ ಮೇಸೀಸನ್ನು ಕೊಂಡಿತು. 2007ರಲ್ಲಿ ಫೆಡರೇಟೆಡ್ ಅನ್ನೋ ಹೆಸರು ಕಿತ್ತುಹಾಕಿ ಇಡೀ ಕಂಪನಿಗೆ ಮೇಸೀಸ್ ಅಂತ ಬೋರ್ಡು ಬರೆಸಿದರು. ಬ್ಲೂಮಿಂಗ್‌ಡೇಲ್ಸ್ ಈಗಲೂ ಅದರೊಳಗೇ ಇದೆ.